ಉಪಕರ, ನಿಷೇಧ, ದಂಡ ಒಂದೇ ವಿಧೇಯಕದಲ್ಲಿದ್ದರೆ ವಿಧಾನ ಪರಿಷತ್ತು ತಡೆಯಬಹುದಾ?

ಪ್ರಶ್ನೆ: ಕರ್ನಾಟಕದಲ್ಲಿ ಒಂದೇ ವಿಧೇಯಕ ಬಂತು ಅಂದುಕೊಳ್ಳಿ. ಸಿಗರೇಟು, ಮದ್ಯದ ಮಾರಾಟದ ಮೇಲೆ ಆರೋಗ್ಯ ಉಪಕರ (ಸೆಸ್), ಹುಕ್ಕಾ ಬಾರ್ ನಿಷೇಧ, ತಪ್ಪಿದರೆ ದಂಡ. ಇದು ಧನ ವಿಧೇಯಕವಾ? ಪರಿಷತ್ತು ತಿರಸ್ಕರಿಸಿದರೆ ಅಲ್ಲಿಗೆ ಮುಗೀತಾ?

ಉತ್ತರ 1: ಧನ ವಿಧೇಯಕ ಅಲ್ಲ. ಸಂವಿಧಾನದ 199ನೇ ಅನುಚ್ಛೇದದಲ್ಲಿ ‘ಮಾತ್ರ’ ಅನ್ನೋ ಪದವೇ ಮುಖ್ಯ: ತೆರಿಗೆ, ಸಾಲ, ಸಂಚಿತ ನಿಧಿ (ಸರ್ಕಾರದ ಮುಖ್ಯ ಖಜಾನೆ) ಇಂಥ ಬಾಬತ್ತು ಮಾತ್ರ ಇದ್ದರೆ ಧನ ವಿಧೇಯಕ. ಹುಕ್ಕಾ ನಿಷೇಧ ಸೇರಿದ ಕೂಡಲೇ ಆ ಅರ್ಹತೆ ಹೋಯಿತು. ದಂಡ ಇದೆ ಅನ್ನೋದು ಲೆಕ್ಕಕ್ಕೇ ಬರಲ್ಲ. ಅನುಮಾನ ಬಂದರೆ ಸ್ಪೀಕರ್ ತೀರ್ಮಾನವೇ ಅಂತಿಮ.

ಆದರೂ ತೆರಿಗೆ ಭಾಗ ಇರೋದರಿಂದ 207ರ ಪ್ರಕಾರ ರಾಜ್ಯಪಾಲರ ಶಿಫಾರಸು ಬೇಕು, ಮಂಡನೆ ವಿಧಾನಸಭೆಯಲ್ಲೇ ಆಗಬೇಕು.

ಪರಿಷತ್ತು ತಿರಸ್ಕರಿಸಿದರೆ, ಒಪ್ಪಲಾಗದ ತಿದ್ದುಪಡಿ ಮಾಡಿದರೆ ಅಥವಾ 3 ತಿಂಗಳು ಸುಮ್ಮನಿದ್ದರೆ ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಬಹುದು. ಎರಡನೇ ಸಲ ಪರಿಷತ್ತಿಗೆ ಸಿಗೋದು 1 ತಿಂಗಳು. ಆಮೇಲೆ ವಿಧಾನಸಭೆ ಒಪ್ಪಿದ ರೂಪದಲ್ಲೇ ಎರಡೂ ಸದನ ಅಂಗೀಕರಿಸಿದಂತೆ. ಸಂಸತ್ತಿನ ಹಾಗೆ ಜಂಟಿ ಅಧಿವೇಶನ ರಾಜ್ಯದಲ್ಲಿಲ್ಲ. ಧನ ವಿಧೇಯಕವಾಗಿದ್ದರೆ ಪರಿಷತ್ತಿಗೆ 14 ದಿನ ಅಷ್ಟೇ.

ಉತ್ತರ 2: ಪರಿಷತ್ತಿಗಿಂತ ಮೊದಲು ಉಪಕರವೇ ಎಡವುತ್ತೆ. 2016ರ 101ನೇ ತಿದ್ದುಪಡಿಯ ಮೇಲೆ ರಾಜ್ಯಪಟ್ಟಿಯ (ರಾಜ್ಯಗಳು ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ) 54ನೇ ನಮೂದಿನಲ್ಲಿ ಮಾರಾಟ ತೆರಿಗೆಗೆ ಉಳಿದಿರೋದು ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ವಿಮಾನ ಇಂಧನ, ನೈಸರ್ಗಿಕ ಅನಿಲ ಮತ್ತು ಕುಡಿಯುವ ಮದ್ಯ. ಸಿಗರೇಟು ಜಿಎಸ್‌ಟಿ ಒಳಗಿದೆ. ಮದ್ಯದ ಭಾಗ ನಿಲ್ಲುತ್ತೆ, ಸಿಗರೇಟಿನದು ನ್ಯಾಯಾಲಯದಲ್ಲಿ ಬೀಳೋ ಸಾಧ್ಯತೆಯೇ ಹೆಚ್ಚು. ಇನ್ನೊಂದು: ಉಪಕರದ ಹಣ ‘ಆಸ್ಪತ್ರೆಗೇ ಮೀಸಲು’ ಅಂತ ಕರಡಿನಲ್ಲಿ ಬರೆದ ಮಾತ್ರಕ್ಕೆ ದುಡ್ಡು ಆಸ್ಪತ್ರೆ ಸೇರಲ್ಲ. ಅದು ರಾಜ್ಯದ ಸಂಚಿತ ನಿಧಿಗೆ ಬೀಳುತ್ತೆ, ಅಲ್ಲಿಂದ ತೆಗೆಯೋಕೆ ಧನವಿನಿಯೋಗ ಕಾಯ್ದೆ (ನಿಧಿಯಿಂದ ಹಣ ತೆಗೆಯೋಕೆ ಶಾಸಕಾಂಗ ಕೊಡೋ ಒಪ್ಪಿಗೆ) ಬೇಕು.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಹುಕ್ಕಾ ಭಾಗಕ್ಕೆ ರಾಜ್ಯಪಾಲರ ಅಂಕಿತ ಸಾಕಾ?

ಉತ್ತರ 3: ಕೇಂದ್ರದ ಕೋಟ್ಪಾ (ತಂಬಾಕು ನಿಯಂತ್ರಣ) ಕಾಯ್ದೆಯನ್ನೇ ತಿದ್ದುವುದಾದರೆ ರಾಷ್ಟ್ರಪತಿವರೆಗೂ ಹೋಗಬೇಕಾಗುತ್ತೆ. ಕರ್ನಾಟಕದ ತಿದ್ದುಪಡಿ 2024ರ ಫೆಬ್ರವರಿಯಲ್ಲಿ ಸದನ ದಾಟಿತು, ಅಂಕಿತ ಬಿದ್ದದ್ದು 2025ರ ಮೇನಲ್ಲಿ. ಹುಕ್ಕಾ ಬಾರ್‌ಗೆ 1ರಿಂದ 3 ವರ್ಷ ಜೈಲು, 50 ಸಾವಿರದಿಂದ 1 ಲಕ್ಷ ದಂಡ; ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ. ಉಪಕರವನ್ನು ಇದಕ್ಕೆ ಗಂಟುಹಾಕಿದರೆ ಅದೂ ಜೊತೆಗೇ ಕಾಯಬೇಕು. ಎರಡು ಬೇರೆ ವಿಧೇಯಕ ಮಾಡೋದೇ ವಾಸಿ.

ಕರಡು ಕೈಗೆ ಸಿಕ್ಕರೆ 1ನೇ ಖಂಡ ಮೊದಲು ಓದಿ. ‘ಸರ್ಕಾರ ಅಧಿಸೂಚನೆ ಮೂಲಕ ಗೊತ್ತುಪಡಿಸುವ ದಿನಾಂಕದಂದು’ ಅಂತಿದ್ದರೆ, ಕಾಯ್ದೆ ರಾಜ್ಯಪತ್ರದಲ್ಲಿ ಅಚ್ಚಾದರೂ ಆ ಅಧಿಸೂಚನೆ ಬರೋವರೆಗೆ ಜಾರಿ ಇಲ್ಲ.