ಸಿಂಗಲ್ ಕ್ರಿಸ್ಟಲ್ ಬರ್ತಿಲ್ಲ, ಬರೀ ಸೂಜಿ ಗೊಂಚಲು. ಯಾವ ವಿಧಾನಕ್ಕೆ ಹೋಗ್ಲಿ?

ಪ್ರಶ್ನೆ:
ಒಂದು ಕಾಪರ್ ಕಾಂಪ್ಲೆಕ್ಸ್ (ತಾಮ್ರಕ್ಕೆ ಬೇರೆ ಅಣುಗಳು ಕೂಡ್ಕೊಂಡಿರೋ ಸಂಯುಕ್ತ) ಮಾಡಿದೀನಿ, ಅದರ ರಚನೆ ತಿಳಿಯೋಕೆ ಎಕ್ಸ್-ರೇಗೆ ಕೊಡೋಕೆ ಒಂದೇ ಒಂದು ಒಳ್ಳೆ ಹರಳು ಸಿಕ್ಕಿದ್ರೂ ಸಾಕು. ಡೈಕ್ಲೋರೋಮೀಥೇನ್‌ನಲ್ಲಿ ಕರಗಿಸಿ ಮುಚ್ಚಳ ಸಡಿಲ ಬಿಟ್ರೆ ಬೆಳಗಾಗೋದ್ರೊಳಗೆ ಪೂರ್ತಿ ಆರಿಹೋಗಿ ಗೋಡೆಗೆಲ್ಲಾ ಕೂದಲಂಥ ಸೂಜಿ ಅಂಟ್ಕೊಂಡಿರುತ್ತೆ. ಹೆಕ್ಸೇನ್ ಹಾಕಿದ್ರೆ ಥಟ್ಟಂತ ಪುಡಿ. ಅಸಿಟೋನೈಟ್ರೈಲಲ್ಲೂ ಕರಗುತ್ತೆ, ಈಥರ್‌ನಲ್ಲಿ ಕರಗಲ್ಲ. ದಯವಿಟ್ಟು ದಾರಿ ತೋರ್ಸಿ.

ಉತ್ತರ:
ಕೊನೇಲಿ ಹೇಳಿದ್ರಲ್ಲ, ಅಲ್ಲೇ ಇದೆ ದಾರಿ. ವೇಪರ್ ಡಿಫ್ಯೂಷನ್ ಮಾಡಿ, ಅಂದ್ರೆ ಕರಗಿಸದ ದ್ರವದ ಆವಿ ನಿಧಾನಕ್ಕೆ ದ್ರಾವಣದೊಳಗೆ ಸೇರೋ ಹಂಗೆ ಮಾಡೋದು. ಡೈಕ್ಲೋರೋಮೀಥೇನ್ 40 ಡಿಗ್ರಿಗೇ ಕುದಿಯುತ್ತೆ, ಅದಕ್ಕೇ ಅಷ್ಟು ಬೇಗ ಆರಿಹೋಗಿ ಒಂದೇ ಸಲಕ್ಕೆ ಸಾವಿರ ಕಡೆ ಹರಳು ಶುರುವಾಗುತ್ತೆ, ಯಾವ್ದೂ ಬೆಳೆಯೋಕೆ ಮಾಲೇ ಉಳಿಯಲ್ಲ. ಈಥರ್ 35ಕ್ಕೆ, ಅಸಿಟೋನೈಟ್ರೈಲ್ 82ಕ್ಕೆ ಕುದಿಯೋದು, ಹಂಗಾಗಿ ಈಥರ್ ಆವಿ ನಿಧಾನಕ್ಕೆ ಒಳಗೆ ಹೋಗ್ತಾ ಇರುತ್ತೆ, ಅಸಿಟೋನೈಟ್ರೈಲ್ ಹೊರಗೆ ಬರೋದು ಕಡಿಮೆ. ಚಿಕ್ಕ ವಯಲ್‌ನಲ್ಲಿ (ಪುಟ್ಟ ಗಾಜಿನ ಶೀಷೆ) 1 ಎಂಎಲ್ ಅಸಿಟೋನೈಟ್ರೈಲ್ ದ್ರಾವಣ ಹಾಕಿ, ಅದನ್ನ ತೆರೆದಂಗೇ ದೊಡ್ಡ ಬಾಟಲ್‌ನೊಳಗೆ ಇಟ್ಟು ಸುತ್ತ ಈಥರ್ ಸುರಿದು, ದೊಡ್ಡದರ ಮುಚ್ಚಳ ಬಿಗಿಯಾಗಿ ಹಾಕಿ. ಈಥರ್‌ಗೆ ಬೇಗ ಬೆಂಕಿ ಹತ್ತುತ್ತೆ, ಹತ್ರ ಹಾಟ್‌ಪ್ಲೇಟ್ ಇರಬಾರದು.

ಅದಕ್ಕಿಂತ ಮುಂಚೆ ಒಂದು ಕೆಲಸ ಮಾತ್ರ ಬಿಡ್ಬೇಡಿ, ದ್ರಾವಣನ 0.45 ಮೈಕ್ರಾನ್ ಸಿರಿಂಜ್ ಫಿಲ್ಟರ್‌ನಲ್ಲಿ ಸೋಸಿ ಗೀರಿಲ್ಲದ ಹೊಸ ವಯಲ್‌ಗೇ ಹಾಕಿ, ಯಾಕಂದ್ರೆ ಒಂದೊಂದು ಧೂಳಿನ ಕಣದ ಮೇಲೂ ಹರಳು ಹುಟ್ಕೊಳ್ಳುತ್ತೆ. ನನ್ನ ಪ್ರಕಾರ ವಿಧಾನ ಬದಲಾಯಿಸೋದಕ್ಕಿಂತ ಇದೇ ಮುಖ್ಯ. ಒಂದೇ ವಯಲ್ ನಂಬ್ಕೊಂಡು ಕೂರ್ಬೇಡಿ, ಗಾಢ, ಅರ್ಧ, ಕಾಲು ಅಂತ ಸಾಲಾಗಿ ಇಡಿ. ಪಂಪ್ ಅದುರೋ ಟೇಬಲ್ ಬೇಡ. ದಿನಾ ಎತ್ತಿ ನೋಡೋದೂ ಬೇಡ.

ಹೆಕ್ಸೇನೇ ಬೇಕು ಅಂದ್ರೆ ಎನ್‌ಎಂಆರ್ ಟ್ಯೂಬ್‌ನಲ್ಲಿ (ಸಣ್ಣ ಉದ್ದನೆ ಗಾಜಿನ ಕೊಳವೆ) ಲೇಯರಿಂಗ್ ಮಾಡಿ, ಅಂದ್ರೆ ಪದರ ಪದರವಾಗಿ ಹಾಕಿ, ಭಾರದ ಡೈಕ್ಲೋರೋಮೀಥೇನ್ ದ್ರಾವಣ ಕೆಳಗೆ, ನಡುವೆ ಸ್ವಲ್ಪ ಎರಡೂ ಸಾಲ್ವೆಂಟ್‌ಗಳ ಬರೀ ಮಿಶ್ರಣ, ಮೇಲೆ ಹೆಕ್ಸೇನ್.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್, ಕಾಲು ಗಾಢತೆಯ ವಯಲ್‌ನಲ್ಲಿ ನೀಲಿ ಬ್ಲಾಕ್‌ಗಳು ಬಂದಿವೆ! ಆದ್ರೆ ಹೊರಗೆ ತೆಗೆದಿಟ್ಟಿದ್ದು ನೋಡ್ತಾ ನೋಡ್ತಾನೇ ಮಂಕಾಗಿ ಬಿರುಕು ಬಿಟ್ಟಿತು.

ಉತ್ತರ:
ಒಳಗೆ ಸೇರ್ಕೊಂಡಿದ್ದ ಸಾಲ್ವೆಂಟ್ ಹಾರಿಹೋಗಿರುತ್ತೆ, ಹಂಗಾದಾಗ ಹಿಂಗೇ ಆಗೋದು. ಒಣಗಿಸ್ಲೇಬೇಡಿ. ವಯಲ್‌ನ ದ್ರವದ ಸಮೇತ ಹಂಗೇ ಕೊಡಿ, ಎಕ್ಸ್-ರೇ ಲ್ಯಾಬ್‌ನವ್ರು ಎಣ್ಣೆ ಹನಿಗೆ ಎತ್ಕೊಂಡು ತಣ್ಣನೆ ನೈಟ್ರೋಜನ್ ಗಾಳಿಯಲ್ಲಿ 100 ಕೆಲ್ವಿನ್‌ನಲ್ಲಿ ಡೇಟಾ ತಗೋತಾರೆ. ಒಳ್ಳೆ ಹರಳು ಆಯ್ಕೊಳ್ಳುವಾಗ ಪೋಲರೈಸರ್ (ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನ ಮಾತ್ರ ಬಿಡೋ ಫಿಲ್ಟರ್) ಇರೋ ಮೈಕ್ರೋಸ್ಕೋಪ್ ಕೆಳಗೆ ತಿರುಗಿಸಿ ನೋಡಿ, ಇಡೀ ಹರಳು ಒಟ್ಟಿಗೇ ಕಪ್ಪಾಗ್ಬೇಕು, ಅರ್ಧ ಕಪ್ಪು ಅರ್ಧ ಬೆಳಕು ಕಂಡ್ರೆ ಅದು ಎರಡು ಅಂಟ್ಕೊಂಡಿರೋದು, ಬಿಟ್ಟು ಬೇರೆ ಎತ್ಕೊಳ್ಳಿ. 0.2 ಮಿಲಿಮೀಟರ್ ಇದ್ರೆ ಧಾರಾಳ ಸಾಕು.