ಪ್ರಶ್ನೋತ್ತರ: ಮೇಲಿಂದ ನೌಕೆ ಬೀಳುತ್ತಂತೆ, ಸೊಪ್ಪು ಕುಯ್ಯಬಹುದಾ?

ಪ್ರಶ್ನೆ (ಮೇ 8, 2025): ಮೇಡಂ ನಮಸ್ತೆ. ನಮ್ಮದು ಶಿಡ್ಲಘಟ್ಟದ ಹತ್ತಿರ ಹಳ್ಳಿ. ಕಾಸ್ಮೋಸ್ 482 ಅನ್ನೋ ರಷ್ಯಾದ ಹಳೇ ನೌಕೆ ಬೀಳುತ್ತೆ, ಯುರೇನಿಯಂ ಹರಡುತ್ತೆ ಅಂತ ಒಂದು ವಿಡಿಯೋ ಓಡಾಡ್ತಿದೆ. ಹಿಮದ ಮೇಲೆ ಮೀಟರ್ ಹಿಡಿದು ನಡೆಯುವವರನ್ನೂ ತೋರಿಸಿದ್ದಾರೆ. ಕೆಂಪು ಗೆರೆ ನಮ್ಮ ಕಡೆಯೇ ಹಾದಿದೆ. ಅಮ್ಮ ತೋಟಕ್ಕೆ ಹೋಗಲ್ಲ ಅಂತಿದ್ದಾರೆ. ರೇಷ್ಮೆ ಹುಳ ನಾಲ್ಕನೇ ಜ್ವರದಿಂದ (ಪೊರೆ ಬಿಡೋ ನಿದ್ದೆಯಿಂದ) ಎದ್ದಿವೆ, ಈಗಲೇ ಹಿಪ್ಪುನೇರಳೆ ಸೊಪ್ಪು ಜಾಸ್ತಿ ಬೇಕು.

ಉತ್ತರ (ಆಸ್ಪತ್ರೆಯ ವಿಕಿರಣ ಸುರಕ್ಷತಾ ಅಧಿಕಾರಿ, ಚಿಕ್ಕಬಳ್ಳಾಪುರ): ಅಮ್ಮ ಧೈರ್ಯವಾಗಿ ಸೊಪ್ಪು ಕುಯ್ಯಲಿ. ಈ ನೌಕೆ 1972ರಲ್ಲಿ ಶುಕ್ರಗ್ರಹಕ್ಕೆ ಹೊರಟಿದ್ದು, ಭೂಮಿಯ ಸುತ್ತಲೇ ಸಿಕ್ಕಿಹಾಕಿಕೊಂಡಿತು. ತೂಕ ಸುಮಾರು 500 ಕೆಜಿ. ಇದರಲ್ಲಿ ಅಣು ರಿಯಾಕ್ಟರ್ ಇಲ್ಲ. ಶುಕ್ರನ ಬಿಸಿ ತಾಳಲೆಂದೇ ಕಟ್ಟಿದ್ದರಿಂದ, ಉರಿಯದೆ ಇಡಿಯಾಗಿ ಬೀಳಬಹುದು, ಅಷ್ಟೇ.

ಯುರೇನಿಯಂ ಇದ್ದದ್ದು ಕಾಸ್ಮೋಸ್ 954ರಲ್ಲಿ. ಸೋವಿಯತ್‌ನವರು ಸಾವಿರಾರು ಉಪಗ್ರಹಗಳಿಗೆ ಕಾಸ್ಮೋಸ್ ಅಂತಲೇ ಹೆಸರಿಟ್ಟಿದ್ದರು. 954 ಹಡಗುಗಳ ಮೇಲೆ ಕಣ್ಣಿಡುವ ಉಪಗ್ರಹ, ರಿಯಾಕ್ಟರ್‌ನಿಂದ ನಡೆಯುತ್ತಿತ್ತು. 1978ರ ಜನವರಿ 24ರಂದು ಕೆನಡಾದ ಉತ್ತರದಲ್ಲಿ ಒಡೆದು ಬಿತ್ತು. ಚೂರುಗಳು ಸುಮಾರು 600 ಕಿ.ಮೀ. ಉದ್ದಕ್ಕೆ ಚೆಲ್ಲಿದವು. ಕೆನಡಾ, ಅಮೆರಿಕದವರು ತಿಂಗಳುಗಟ್ಟಲೆ ಹುಡುಕಿದರು. ಕೊನೆಗೆ ಸೋವಿಯತ್ ಒಕ್ಕೂಟ 30 ಲಕ್ಷ ಕೆನಡಾ ಡಾಲರ್ ಕೊಟ್ಟಿತು. ಹಿಮ, ಮೀಟರ್ ಅಂದರಲ್ಲ, ಆ ಹುಡುಕಾಟ ನಡೆದದ್ದೂ ಹಾಗೆಯೇ. ಆ ಕಥೆಯನ್ನು ಈ ನೌಕೆಗೆ ಅಂಟಿಸಿ ಊರೂರಿಗೆ ಭಯ ಹಂಚುವುದು ದೊಡ್ಡ ತಪ್ಪು. ಕೆಲಸ ಬಿಟ್ಟು ಮನೆಯಲ್ಲಿ ಕೂರುವವರು ನಿಮ್ಮ ಅಮ್ಮನಂಥವರು. ಸುದ್ದಿ ಹೇಳುವವರು ಮೊದಲು ಅದರೊಳಗೆ ಏನಿದೆ ಅಂತ ಹೇಳಬೇಕಲ್ವಾ?

ಕೆಂಪು ಗೆರೆ ನೌಕೆ ಸುತ್ತುವ ದಾರಿ. ಸುಮಾರು ಒಂದೂವರೆ ಗಂಟೆಗೊಂದು ಸುತ್ತು. ಎಷ್ಟೋ ದೇಶಗಳ ಮೇಲೆ ಅದೇ ಗೆರೆ ಇದೆ.

ಪ್ರಶ್ನೆ: ತುಂಡು ಏನಾದರೂ ತೋಟದಲ್ಲಿ ಸಿಕ್ಕಿದರೆ?

ಉತ್ತರ: ಯಾವ ನೌಕೆಯದ್ದೇ ಆಗಲಿ, ಮುಟ್ಟಬೇಡಿ. ಮಕ್ಕಳನ್ನು ದೂರ ಇಟ್ಟು 112ಕ್ಕೆ ಫೋನ್ ಮಾಡಿ. ಎಷ್ಟೋ ಉಪಗ್ರಹಗಳ ಟ್ಯಾಂಕಿನಲ್ಲಿ ಹೈಡ್ರಜೀನ್ ಅನ್ನೋ ಇಂಧನ ಇರುತ್ತದೆ. ಅದು ವಿಷ.

ಪ್ರಶ್ನೆ (ಮೇ 11): ಹಿಂದೂ ಮಹಾಸಾಗರಕ್ಕೆ ಬಿತ್ತು ಅಂತ ರಷ್ಯಾದವರು ಹೇಳಿದ್ದಾರೆ ಮೇಡಂ. ಆದರೂ ಅಮ್ಮ ಸೊಪ್ಪು ತೊಳೆದು ಹಾಕ್ತೀನಿ ಅಂತಿದ್ದಾರೆ.

ಉತ್ತರ: ಬೇಡ ಅನ್ನಿ. ನಾನೂ ರೇಷ್ಮೆ ಮನೆಯವಳೇ. ಒದ್ದೆ ಸೊಪ್ಪು ತಿಂದರೆ ಹುಳಕ್ಕೆ ರೋಗ ಬರುತ್ತದೆ.