ಪಾಪ ಸ್ನೋ, ಅಂತೆ!

ನಮ್ಮ ಮನೆ ಗುಂಪಿನಲ್ಲಿ ಸಾಮಾನ್ಯವಾಗಿ ಬರುವುದು ಗುಡ್ ಮಾರ್ನಿಂಗ್ ಚಿತ್ರ, ಮದುವೆ ಕಾಗದ, ಮಾವಿನಕಾಯಿ ರೇಟು. ಈ ಭಾನುವಾರ ಮಾತ್ರ ಹೀಗಾಯಿತು.

ರಾಜು ಚಿಕ್ಕಪ್ಪ: (38 ಸೆಕೆಂಡಿನ ವಿಡಿಯೊ) ಪಾಪ ಸ್ನೋ. ನಿನ್ನೆ ರಾತ್ರಿ ಮತ್ತೆ ನೋಡಿದೆ. ಎಷ್ಟು ಒಳ್ಳೆ ಹುಡುಗ. ಪ್ರೀತಿ ಕೈಕೊಟ್ಟಿದ್ದಕ್ಕೆ ಹಾಗಾದ.

ಪುಟ್ಟಿ: ಚಿಕ್ಕಪ್ಪಾ!!

ಪುಟ್ಟಿ: ಜೊತೆಯಲ್ಲಿ ಓದಿದ ಗೆಳೆಯನನ್ನು ನೇಣಿಗೆ ಕಳಿಸಿದವನು ಪಾಪಾನಾ?

ಸುಧಾ ಅತ್ತೆ: ಯಾರು ಸ್ನೋ? ನಾಯಿಮರಿನಾ? ವಿಡಿಯೊ ಇನ್ನೂ ಸುತ್ತುತ್ತಾ ಇದೆ.

ಪುಟ್ಟಿ: ‘ಹಂಗರ್ ಗೇಮ್ಸ್’ ಅತ್ತೆ. ಮಕ್ಕಳನ್ನು ಅಖಾಡಕ್ಕೆ ಬಿಟ್ಟು, ಒಬ್ಬರೇ ಉಳಿಯುವ ತನಕ ಕಾದಾಡಿಸಿ ಟಿವಿಯಲ್ಲಿ ತೋರಿಸುತ್ತಾರಲ್ಲ, ಆ ಕಥೆ. ಅದರಲ್ಲಿ ಬಿಳಿ ಗಡ್ಡದ ಮುದುಕ ಅಧ್ಯಕ್ಷ ಇದ್ದ, ಕೋಟಿಗೆ ಬಿಳಿ ಗುಲಾಬಿ ಸಿಕ್ಕಿಸಿಕೊಂಡಿರುತ್ತಿದ್ದ. ಅವನೇ ಸ್ನೋ. ಅದನ್ನು ಬರೆದ ಸುಝಾನ್ ಕಾಲಿನ್ಸ್ 2020ರಲ್ಲಿ ಅವನ 18ನೇ ವಯಸ್ಸಿನ ಕಥೆ ಬರೆದರು. ಮೊದಲ ಪುಸ್ತಕಕ್ಕಿಂತ 64 ವರ್ಷ ಹಿಂದಿನ ಕಥೆ. 2023ರ ನವೆಂಬರ್‌ನಲ್ಲಿ ಸಿನಿಮಾ ಬಂತು, ‘ದಿ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್’. ಅಖಾಡಕ್ಕೆ ಬಂದ ಹಾಡುವ ಹುಡುಗಿ ಲೂಸಿ ಗ್ರೇಗೆ ಇವನು ಮಾರ್ಗದರ್ಶಿ.

ಸುಧಾ ಅತ್ತೆ: ಅಯ್ಯೋ, ಭಾನುವಾರ ಬೆಳಿಗ್ಗೆ ಇದೇ ಸಿಕ್ಕಿತಾ ನಿಮಗೆ.

ರಾಜು ಚಿಕ್ಕಪ್ಪ: ಪುಸ್ತಕ ನಾನೂ ಓದಿದ್ದೇನೆ ಪುಟ್ಟಿ. ಹೋದ ವರ್ಷ ನಿನ್ನಿಂದಲೇ ತಂದಿದ್ದು. ನೋಡು, ಮೊದಲ ಪುಟದಲ್ಲೇ ಅವನ ಸ್ಥಿತಿ ಏನು ಅಂತ.

ರಾಜು ಚಿಕ್ಕಪ್ಪ: (ಫೋಟೊ)

ರಾಜು ಚಿಕ್ಕಪ್ಪ: ಕುದಿಯುವ ನೀರಿಗೆ ಒಂದು ಹಿಡಿ ಎಲೆಕೋಸು. ಅಷ್ಟೇ ಊಟ. ಸಮಾರಂಭದಲ್ಲಿ ಹೊಟ್ಟೆ ಗುರ್ ಅನ್ನಬಾರದು ಅಂತ ಅದನ್ನೇ ಕುಡಿಯುತ್ತಾನೆ. ಹಾಕಿಕೊಳ್ಳಲು ಅಪ್ಪನ ಹಳೇ ಶರ್ಟು. ಇಂಥವನು ಕೆಟ್ಟರೆ ತಪ್ಪು ಯಾರದು?

ಪುಟ್ಟಿ: ಅದೇ ಮನೆಯಲ್ಲಿ ಅವನ ಕಸಿನ್ ಟೈಗ್ರಿಸ್ ಕೂಡ ಅದೇ ಕೋಸು ತಿಂದಳು. ಆ ಶರ್ಟು ರಿಪೇರಿ ಮಾಡಿಕೊಟ್ಟವಳೂ ಅವಳೇ. ಅವಳು ಯಾರನ್ನೂ ನೇಣಿಗೆ ಕಳಿಸಲಿಲ್ಲ.

ನಾನು: 👏

ರಾಜು ಚಿಕ್ಕಪ್ಪ: ನೀನು ಸುಮ್ನಿರಮ್ಮ.

ಪುಟ್ಟಿ: ನನ್ನ ಸಿಟ್ಟು ನಿಮ್ಮ ಮೇಲಲ್ಲ ಚಿಕ್ಕಪ್ಪ, ಸಿನಿಮಾ ಮೇಲೆ. ಪುಸ್ತಕದ ಉದ್ದಕ್ಕೂ ನಾವು ಇರುವುದು ಅವನ ತಲೆಯೊಳಗೆ. ಲೂಸಿ ಗ್ರೇ ನಕ್ಕರೂ ಅವನಿಗೆ ಲೆಕ್ಕ. ಇದರಿಂದ ನನಗೆಷ್ಟು ಲಾಭ, ಯಾರು ನೋಡುತ್ತಿದ್ದಾರೆ, ಬಹುಮಾನ ಸಿಗುತ್ತದಾ. ಅವಳು ಬೇರೆಯವನ ಬಗ್ಗೆ ಹಾಡಿದರೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಅವಳು ‘ಅವನದು’. ಛತ್ರಿ, ಚಪ್ಪಲಿ ತರಹ. ಸಿನಿಮಾದಲ್ಲಿ ಆ ಒಳಮಾತು ಒಂದೂ ಇಲ್ಲ. ಸ್ನೋ ಪಾತ್ರ ಮಾಡಿದ ಟಾಮ್ ಬ್ಲೈತ್‌ನ ನೀಲಿ ಕಣ್ಣು ಮಾತ್ರ ಇದೆ. ಹಾಗಾಗಿ ಎಲ್ಲರೂ ಪ್ರೇಮಕಥೆ ಅಂದುಕೊಂಡು ಇಂಥ ವಿಡಿಯೊ ಮಾಡುತ್ತಾರೆ.

ರಾಜು ಚಿಕ್ಕಪ್ಪ: ಅಲ್ಲೇ ಇರುವುದು ಮಜಾ! ಲೂಸಿ ಗ್ರೇಗೆ ಅವನ ತಲೆಯೊಳಗಿನದು ಕೇಳಿಸುತ್ತಿತ್ತಾ? ಅವಳು ಹೇಗೆ ನಂಬಿದಳೋ ನಾವೂ ಹಾಗೇ ನಂಬಬೇಕು. ಮೊದಲ ಪುಟದಿಂದಲೇ ಇವನು ಕಳ್ಳ ಅಂತ ಗೊತ್ತಿದ್ದರೆ ಏನು ಸ್ವಾರಸ್ಯ?

(ಚಿಕ್ಕಪ್ಪ ಇಷ್ಟು ಚೆನ್ನಾಗಿ ವಾದ ಮಾಡಿದ್ದನ್ನು ನಾನು ಈ ಹಿಂದೆ ನೋಡಿದ್ದು ಆಸ್ತಿ ಭಾಗದಲ್ಲಿ ಮಾತ್ರ.)

ಪುಟ್ಟಿ: ಸರಿ, ಒಪ್ಪಿದೆ. ಹಾಗಾದರೆ ಕೊನೆಗೆ ಮೋಸ ಗೊತ್ತಾದ ಮೇಲೂ ‘ಪಾಪ ಸ್ನೋ’ ಅಂದಿದ್ದು ಯಾಕೆ?

ಬರ್ಲಿನ್ ಅಣ್ಣ: ಈಗ ಎದ್ದೆ. 74 ಮೆಸೇಜು! ಯಾರಿಗೇನಾಯಿತು?

ಬರ್ಲಿನ್ ಅಣ್ಣ: ಓ, ಇದಾ. ಆ ಅಖಾಡ ನಾನು ನೋಡಿದ್ದೇನೆ. ಪೋಲೆಂಡಿನ ವ್ರೊಟ್ಸ್ವಾಫ್‌ನಲ್ಲಿದೆ, ಸೆಂಟೆನಿಯಲ್ ಹಾಲ್ ಅಂತ. 1913ರ ಕಾಂಕ್ರೀಟ್ ಗುಮ್ಮಟ. ಒಳಗೆ ನಿಂತು ಮೇಲೆ ನೋಡಿದರೆ ಕತ್ತು ನೋಯುತ್ತದೆ. ರಾಜಧಾನಿಯ ಬೀದಿ ಅಂತ ತೋರಿಸಿದ್ದರಲ್ಲಿ ನಮ್ಮ ಊರಿನ ‘ಕಾರ್ಲ್ ಮಾರ್ಕ್ಸ್ ಆಲೀ’ ರಸ್ತೆಯೂ ಇದೆ.

ರಾಜು ಚಿಕ್ಕಪ್ಪ: ಟೂರಿಸಂ ಆಮೇಲೆ ಮಾರಾಯ.

ಬರ್ಲಿನ್ ಅಣ್ಣ: ನನ್ನ ತಕರಾರು ಬೇರೆ. 157 ನಿಮಿಷ. ಅಖಾಡದ ಆಟ ಮುಗಿದಾಗ ಸಿನಿಮಾನೇ ಮುಗಿಯಿತು ಅಂತ ಜಾಕೆಟ್ ಹಾಕಿಕೊಂಡೆ. ಆಮೇಲೆ ಇನ್ನೊಂದು ಸಿನಿಮಾ ಶುರುವಾಯಿತು, ಅದನ್ನು ಓಡಿಸಿಕೊಂಡು ಮುಗಿಸಿದರು. ಎರಡು ಭಾಗ ಮಾಡಬೇಕಿತ್ತು.

ಪುಟ್ಟಿ: ಬೇಡಪ್ಪ! ಇದೇ ಸರಣಿಯ ಮೂರನೇ ಪುಸ್ತಕ ‘ಮಾಕಿಂಗ್‌ಜೇ’ಯನ್ನು ಸಿನಿಮಾ ಮಾಡುವಾಗ 2014ರಲ್ಲಿ ಅರ್ಧ, 2015ರಲ್ಲಿ ಅರ್ಧ ಕೊಟ್ಟು ಸಾಕಷ್ಟು ಬೈಸಿಕೊಂಡಿದ್ದರು. ನಿರ್ದೇಶಕ ಫ್ರಾನ್ಸಿಸ್ ಲಾರೆನ್ಸ್ ಅವರೇ ಆಮೇಲೆ ಅದು ತಪ್ಪಾಯಿತು ಅಂದರು.

ಮೇಷ್ಟ್ರು ದೊಡ್ಡಪ್ಪ: ಸಿನಿಮಾ ನಾನು ನೋಡಿಲ್ಲ. ಬ್ಯಾಲಡ್ ಅಂದರೆ ಕಥನಗೀತೆ. ಬಿ.ಎಂ.ಶ್ರೀ. ಅವರ ‘ಕಾರಿಹೆಗ್ಗಡೆಯ ಮಗಳು’ ಇಲ್ಲವೇ, ಅದೂ ಇಂಗ್ಲಿಷಿನಿಂದ ಬಂದ ಬ್ಯಾಲಡ್ಡೇ. ಹುಡುಗಿಯ ಹೆಸರು ಏನಂದಿರಿ?

ಪುಟ್ಟಿ: ಲೂಸಿ ಗ್ರೇ ದೊಡ್ಡಪ್ಪ.

ಮೇಷ್ಟ್ರು ದೊಡ್ಡಪ್ಪ: ಅದು ವರ್ಡ್ಸ್‌ವರ್ತ್‌ನ ಕವನ! ಅಮ್ಮನಿಗೆ ದಾರಿ ತೋರಿಸಲು ಲಾಟೀನು ಹಿಡಿದು ಹೊರಟ ಹುಡುಗಿ ಬಿರುಗಾಳಿಗೆ ಸಿಕ್ಕಿ ಕಳೆದುಹೋಗುತ್ತಾಳೆ. ಹೆಜ್ಜೆ ಗುರುತು ಸೇತುವೆಯ ನಡುವಿನ ತನಕ ಇರುತ್ತದೆ, ಮುಂದೆ ಇಲ್ಲ. ಬದುಕಿದ್ದಾಳೆ ಅನ್ನುವವರೂ ಇದ್ದಾರೆ. ಕಳೆದುಹೋಗುವುದು ಹಿಮದಲ್ಲಿ. ನಿಮ್ಮ ಹುಡುಗನ ಹೆಸರು ಸ್ನೋ, ಅಲ್ಲವೇ?

ಪುಟ್ಟಿ: ದೊಡ್ಡಪ್ಪ, ಸಿನಿಮಾ ನೋಡದೆಯೇ ನೀವು ಕ್ಲೈಮ್ಯಾಕ್ಸ್ ಹೇಳಿಬಿಟ್ಟಿರಿ. ಕೊನೆಗೆ ಅವಳು ಕಾಡಿನಲ್ಲಿ ಮಾಯ. ಇದ್ದಾಳೋ ಸತ್ತಳೋ ಗೊತ್ತಾಗುವುದಿಲ್ಲ.

ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ದೊಡ್ಡಪ್ಪ ಪಾಠ ಮಾಡಿದರೆ ನಮ್ಮಲ್ಲಿ ಈಗಲೂ ಹಾಗೇ.

ರಾಜು ಚಿಕ್ಕಪ್ಪ: ಒಳಮಾತಿಲ್ಲದೆ ಸಿನಿಮಾ ಗೆಲ್ಲುತ್ತದೆ ಅನ್ನುವುದಕ್ಕೆ ಸಾಕ್ಷಿ ಕೊಡುತ್ತೇನೆ. ಇಬ್ಬರೂ ಓಡಿಹೋಗುವಾಗ ಅವನು ‘ಮೂರು ಜನರನ್ನು ಕೊಂದಿದ್ದು ಸಾಕು’ ಅನ್ನುತ್ತಾನೆ. ಅವಳಿಗೆ ಗೊತ್ತಿರುವುದು ಇಬ್ಬರು, ಗೆಳೆಯನನ್ನು ನೇಣಿಗೆ ಕಳಿಸಿದ್ದು ಇವನೇ ಅಂತ ಗೊತ್ತಿಲ್ಲ. ಮೂರನೆಯವರು ಯಾರು ಅಂತ ಕೇಳುತ್ತಾಳೆ. ಅವನು ‘ಹಳೆಯ ನನ್ನನ್ನೇ ಕೊಂದೆ’ ಅಂತ ಜಾರಿಕೊಳ್ಳುತ್ತಾನೆ. ಅವಳ ಮುಖ ನೋಡು ಆಗ! ಎಲ್ಲಾ ಅರ್ಥವಾಯಿತು ಅವಳಿಗೆ. ಪುಸ್ತಕದಲ್ಲಿ ಇದು ಎಲ್ಲಿದೆ? ಸಿನಿಮಾದವರ ಸ್ವಂತ ಬುದ್ಧಿ ಇದು.

ಪುಟ್ಟಿ: ಪುಸ್ತಕದಲ್ಲೂ ಇದೆ ಚಿಕ್ಕಪ್ಪ.

ಪುಟ್ಟಿ: ಕೊನೆ ಕೊನೆಗೆ ಬರುತ್ತದೆ.

ರಾಜು ಚಿಕ್ಕಪ್ಪ: ಇರಬಹುದು. ಓದಿ ತುಂಬಾ ದಿನ ಆಯಿತಲ್ಲ.

ಸುಧಾ ಅತ್ತೆ: ರಾಜು, ನೀನು ಹಾಕಿದ ಫೋಟೊ ದೊಡ್ಡದು ಮಾಡಿ ನೋಡಿದೆ. ಪುಸ್ತಕದ ಮಧ್ಯದಿಂದ ಇಣುಕುತ್ತಿರುವುದು ನಾವು ಧರ್ಮಸ್ಥಳಕ್ಕೆ ಹೋದ ಬಸ್ ಟಿಕೆಟ್ ಅಲ್ವಾ? ಹೋಗಿ ಬಂದು ಎಂಟು ತಿಂಗಳಾಯಿತು. ಅಲ್ಲಿಂದ ಮುಂದೆ ಹೋಗಿಲ್ಲವಾ ನೀನು?

ರಾಜು ಚಿಕ್ಕಪ್ಪ: *ಈ ಸಂದೇಶವನ್ನು ಅಳಿಸಲಾಗಿದೆ*

ಪುಟ್ಟಿ: ಫೋಟೊ ನಾನು ಸೇವ್ ಮಾಡಿಕೊಂಡಿದ್ದೇನೆ ಚಿಕ್ಕಪ್ಪ 😇